ಗುಡುಗುಡಿ, ಚಿಲಮಿ ಮತ್ತು ಒಂದು ಕಾಯಿಲಿನ ಕಥೆ

ತುಂಬಾ ದಿನ ಆಗಿತ್ತು ಇಲ್ಲಿ ಏನೂ ಬರೆಯದೆ. ರಿಲೀಸು, ಅದು ಮುಗಿದ ಮೇಲೆ ಮೂರು ತಿಂಗಳು ಆನ್‌ಸೈಟ್.. ನೆಪಗಳಿಗೇನು ಬರ. ಈಗ ಮತ್ತೆ ಕೂತದ್ದು ಒಂದು ಸಣ್ಣ ತಂತಿ ಸುರುಳಿಯ ದೆಸೆಯಿಂದ. ಕಿರುಬೆರಳಿನ ಉಗುರಿನಷ್ಟೂ ಇಲ್ಲ ಅದು. ಆದರೆ ಅದನ್ನು ಹಿಡಿದು ಎಳೆಯುತ್ತಾ ಹೋದರೆ ನಾನೂರು ವರ್ಷ ಹಿಂದಿನ ವಿಜಾಪುರಕ್ಕೆ ಹೋಗಿ ಮುಟ್ಟಿದೆ.

ಹೋದ ಯುಗಾದಿಗೆ ದೇವದುರ್ಗಕ್ಕೆ ಹೋದಾಗ ನಮ್ಮ ಕಾಕಾನ ಮಗನೂ ಬಂದಿದ್ದ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ರಾತ್ರಿ ಊಟ ಆದ ಮೇಲೆ ಮಾಳಿಗಿ ಮೇಲೆ ಕರ್ಕೊಂಡು ಹೋಗಿ, ಜೇಬಿನಿಂದ ವೇಪ್ ತೆಗೆದ. "ಅಣ್ಣಾ, ಎರಡು ದಿನದಿಂದ ಸುಟ್ಟ ವಾಸನಿ ಬರಾಕತ್ತದ. ನೀ ಇಲೆಕ್ಟ್ರಾನಿಕ್ಸ್ ಓದೀದಿ, ನೋಡು ಸ್ವಲ್ಪ" ಅಂದ.

ಬೈಯಬೇಕಿತ್ತು. ನಾನು ಬೈಯಲಿಲ್ಲ, ಬಿಚ್ಚಿದೆ. ಇಂಜಿನಿಯರುಗಳ ಹಣೆಬರಹವೇ ಇಷ್ಟು, ಕೆಟ್ಟ ಯಂತ್ರ ಕೈಗೆ ಕೊಟ್ಟರೆ ಉಳಿದದ್ದೆಲ್ಲ ಮರೆತುಹೋಗುತ್ತದೆ :)

ಒಳಗಿರುವುದು ಇಷ್ಟೇ. ಒಂದು ಸಣ್ಣ ಟ್ಯಾಂಕು, ಅದರಲ್ಲಿ ನಿಕೋಟಿನ್ ಬೆರೆಸಿದ ಸಿಹಿ ದ್ರವ. ನಡುವೆ ತಂತಿಯ ಸುರುಳಿ, ಸುರುಳಿಗೆ ತಾಗಿ ಹತ್ತಿ. ಹತ್ತಿ ದ್ರವ ಹೀರುತ್ತದೆ, ಬ್ಯಾಟರಿ ಸುರುಳಿಯನ್ನು ಕಾಯಿಸುತ್ತದೆ, ದ್ರವ ಆವಿಯಾಗುತ್ತದೆ. ಹೆಚ್ಚುಕಡಿಮೆ ನಮ್ಮ ಹಾಸ್ಟೆಲಿನ ಕಾಯಿಲ್ ಒಲೆಯೇ. ಆ ಒಲೆಯ ನೈಕ್ರೋಮ್ ತಂತಿಗೆ ಅಮೆರಿಕಾದ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದದ್ದು 1906ರಲ್ಲಿ. ಹಾಸ್ಟೆಲಲ್ಲಿ ಕಾಯಿಲ್ ತುಂಡಾದರೆ ಎರಡೂ ತುದಿ ತಿರುಚಿ ಜೋಡಿಸುತ್ತಿದ್ದೆವಲ್ಲ, ಅದು ಬೇಗ ಮತ್ತೆ ಕಡಿಯುವುದಕ್ಕೆ ಒಂದು ಕಾರಣ ಅಂದರೆ ತಂತಿ ಗಿಡ್ಡವಾಗಿ ರೆಸಿಸ್ಟೆನ್ಸ್ ಇಳಿದು ಕರೆಂಟು ಜಾಸ್ತಿ ಎಳೆಯುತ್ತದೆ. ವೇಪಿನಲ್ಲೂ ಲೆಕ್ಕ ಅದೇ. 3.7 ವೋಲ್ಟಿನ ಬ್ಯಾಟರಿಗೆ 1.2 ಓಮಿನ ಕಾಯಿಲ್ ಹಾಕಿದರೆ ಸುಮಾರು 3 ಆಂಪಿಯರ್, 11 ವ್ಯಾಟ್. ಅದೇ 0.2 ಓಮಿನದು ಹಾಕಿದರೆ 18.5 ಆಂಪಿಯರ್, 68 ವ್ಯಾಟ್! ಬೆರಳುದ್ದದ ಬ್ಯಾಟರಿಗೆ ಅದು ಹುಡುಗಾಟದ ಮಾತಲ್ಲ.

ಇವನ ಕಾಯಿಲ್ ಕರ್ರಗೆ ಕೂತಿತ್ತು. ದ್ರವಕ್ಕೆ ಹಾಕಿದ ಸಿಹಿ ಸುಟ್ಟು ತಂತಿಗೆ ಅಂಟಿದೆ, ಹತ್ತಿ ಒಣಗಿ ಕರಕಲಾಗಿದೆ. ಒಣ ಹತ್ತಿಯ ಮೇಲೆ ಎಳೆದರೆ ಫಾರ್ಮಾಲ್ಡಿಹೈಡಿನಂಥವು ಹುಟ್ಟುತ್ತವೆ, ಸುಟ್ಟ ವಾಸನೆಯ ಜೊತೆಗೆ ಬರುವುದು ಅದು. "ಇದನ್ನ ತೊಳದ್ರ ಉಪಯೋಗಿಲ್ಲ, ಬದಲಿ ಹಾಕಬೇಕು. ಹೊಸಾದು ಹಾಕಿದಾಗ ಮೊದಲು ಹತ್ತಿಗೆ ನಾಕು ಹನಿ ಬಿಟ್ಟು ಹತ್ತು ನಿಮಿಷ ನೆನಿಯಾಕ ಬಿಡು. 1 ಓಮಿಗಿಂತ ಕಮ್ಮಿದು ತಗೋಬ್ಯಾಡ" ಅಂತ ಪಾಠವನ್ನೂ ಮಾಡಿದೆ. ಆ ಹತ್ತಿಯೂ ಜಪಾನಿನದಂತೆ. ರಾಯಚೂರು ಸೀಮೆಯವನು, ಹೊಲದ ತುಂಬ ಹತ್ತಿ, ಎಳೆಯೋಕೆ ಜಪಾನಿನ ಹತ್ತಿ!

ಮರುದಿನ ನಾನು ಹೊರಡುವಾಗ ಬಸ್‌ಸ್ಟ್ಯಾಂಡಿಗೆ ಬಂದು ಮೆಲ್ಲಗೆ, "ಆನ್‌ಸೈಟಿಂದ ಬರುವಾಗ ಒಂದು ಪ್ಯಾಕೆಟ್ ಕಾಯಿಲ್ ತಗೊಂಡ್ ಬಾ ಅಣ್ಣಾ, ಇಲ್ಲಿ ಡುಪ್ಲಿಕೇಟ್ ಭಾಳ" ಅಂದ. ಹೂಂ ಅಂದುಬಿಟ್ಟೆ.

ಹೂಂ ಅಂದದ್ದು ತಪ್ಪು ಅಂತ ಗೊತ್ತಾದದ್ದು ವಿಮಾನ ಹತ್ತುವ ಮೊದಲು ಕಾಯ್ದೆ ಓದಿದಾಗ. ಕರ್ನಾಟಕ ಸರ್ಕಾರ ಇ-ಸಿಗರೇಟನ್ನು 2016ರ ಜೂನಿನಲ್ಲೇ ನಿಷೇಧಿಸಿತ್ತು. ಕೇಂದ್ರದ ಸುಗ್ರೀವಾಜ್ಞೆ 2019ರ ಸೆಪ್ಟೆಂಬರ್ 18ಕ್ಕೆ, ಡಿಸೆಂಬರಿನಲ್ಲಿ ಅದೇ ಕಾಯ್ದೆ ಆಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಅದರಲ್ಲಿ ಒಂದು ಮಾತಿದೆ, ಇಡೀ ವಸ್ತುವಾಗಲಿ ಅದರ ಯಾವುದೇ ಭಾಗವಾಗಲಿ ಅಂತ. ಅಂದರೆ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಐದು ಕಾಯಿಲ್ ತಂದರೂ ಅದು ಆಮದೇ.

ಫೋನು ಮಾಡಿ ತರೋಲ್ಲ ಅಂದೆ. ಅವನ ವಾದ ಶುರು. "ಅಣ್ಣಾ, ಇದ್ರಾಗ ಹೊಗಿ ಇಲ್ಲ, ಬರೇ ಆವಿ. ಇಂಗ್ಲೆಂಡಿನ ಸರ್ಕಾರದವ್ರೇ ಸಿಗರೇಟಿಗಿಂತ ನೂರಕ್ಕ 95 ಕಮ್ಮಿ ಹಾನಿ ಅಂದಾರ." ಅಂದದ್ದು ನಿಜ, 2015ರಲ್ಲಿ. ಆದರೆ ಅದು ಸಿಗರೇಟು ಸೇದುವವರು ಅದನ್ನು ಬಿಟ್ಟು ಇದಕ್ಕೆ ಬಂದರೆ ಎಂಬ ಹೋಲಿಕೆ. ಇವನು ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಇವನಿಗೆ ಹೋಲಿಸಬೇಕಾದದ್ದು ಬರೀ ಗಾಳಿಯ ಜೊತೆ.

ಫೋನಿಟ್ಟ ಮೇಲೆ ತಲೆಯಲ್ಲಿ ಉಳಿದದ್ದು ಆ "ಬರೇ ಆವಿ" ಅನ್ನೋ ಮಾತು. ಇದೇ ಧಾಟಿ ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು. ನೆನಪಾಯಿತು. ನಮ್ಮ ಮುತ್ಯಾ!

ಮುತ್ಯಾ ಗುಡುಗುಡಿ ಸೇದುತ್ತಿದ್ದ. ತೆಂಗಿನ ಚಿಪ್ಪಿನದು, ಮೇಲೆ ಮಣ್ಣಿನ ಚಿಲಮಿ. ಅವ್ವ ಬೈದರೆ ಅವನದು ಒಂದೇ ಉತ್ತರ: "ಬೀಡಿ ಅಲ್ಲವ್ವಾ ಇದು, ನೀರಾಗ ತೊಳದು ಬರ್ತದ ಹೊಗಿ, ಏನೂ ಆಗಂಗಿಲ್ಲ."

ಈ "ನೀರಾಗ ತೊಳದು ಬರ್ತದ" ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಪರದೇಶದಲ್ಲಿ ಶನಿವಾರ ಭಾನುವಾರ ಬೇರೆ ಕೆಲಸವೇನು.

ತಂಬಾಕು ಪೋರ್ಚುಗೀಸರ ಜೊತೆ ಗೋವಾಕ್ಕೆ ಬಂತು, ಅಲ್ಲಿಂದ ದಖನ್ನಿಗೆ. ಅದು ಮೊಘಲರ ಆಸ್ಥಾನಕ್ಕೆ ಹೋದದ್ದು ಎಲ್ಲಿಂದ ಗೊತ್ತೇ? ನಮ್ಮ ವಿಜಾಪುರದಿಂದ. ಹೇಳುತ್ತಿರುವವನು ತಾನೇ ಹೊತ್ತುಕೊಂಡು ಹೋದವನು, ಅಸದ್ ಬೇಗ್. ವಿಜಾಪುರದ ರಾಜಕುಮಾರಿಯನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವುದೆಂದು ನಿಶ್ಚಯವಾಗಿ, ಅವಳನ್ನು ಕರೆತರಲು ಹೋದವರು ವಿಜಾಪುರದಲ್ಲೇ ಕಾಲ ಕಳೆಯುತ್ತಿದ್ದಾಗ ಅಕ್ಬರ್ ಇವನನ್ನು ಕಳಿಸಿದ. ಆಗ ವಿಜಾಪುರದಲ್ಲಿ ಆಳುತ್ತಿದ್ದವನು ಎರಡನೇ ಇಬ್ರಾಹಿಂ ಆದಿಲ್ ಶಾಹ. ನಮ್ಮ ರಾಯಚೂರು ಸೀಮೆಯೂ ಅವನದೇ.

ವಿಜಾಪುರದಲ್ಲಿ ಕಂಡ ತಂಬಾಕು ಅಸದ್ ಬೇಗನಿಗೆ ಹೊಸದು. ಒಂದಷ್ಟು ಕಟ್ಟಿಕೊಂಡ. ಅದಕ್ಕೊಂದು ಕೊಳವೆ ಮಾಡಿಸಿದ ನೋಡಿ, ಅಲ್ಲೇ ನನಗೆ ನಗು ಬಂದದ್ದು. ಕೊಳವೆಯ ದಂಡ ಸುಮಾತ್ರಾದ ಆಚೇ ಕಡೆಯದು, ಮೂರು ಮೊಳ ಉದ್ದ, ಎರಡೂ ತುದಿಗೆ ರತ್ನ. ಬಾಯಿಗಿಡುವ ತುದಿ ಯಮನ್ ದೇಶದ ಕೆಂಪು ಕಲ್ಲಿನದು. ಹಚ್ಚುವ ಬಟ್ಟಲು ಬಂಗಾರದ್ದು. ದಂಡಕ್ಕೆ ಬೆಳ್ಳಿಯ ಕವಚ, ಕವಚಕ್ಕೆ ನೇರಳೆ ಮಖಮಲ್ಲು. ಇಬ್ರಾಹಿಂ ಆದಿಲ್ ಶಾಹ ಕೊಟ್ಟ ಎಲೆಅಡಿಕೆ ಚೀಲದಲ್ಲಿ ತಂಬಾಕು ತುಂಬಿ ಬೆಳ್ಳಿ ತಟ್ಟೆಯಲ್ಲಿ ಜೋಡಿಸಿದ. ಒಂದೊಂದು ಬಿಡಿಭಾಗ ಒಂದೊಂದು ದೇಶದಿಂದ ಆರಿಸಿ ತಂದು ಕೂಡಿಸಿದ್ದಾನೆ. ನಮ್ಮ ತಮ್ಮ ಟ್ಯಾಂಕು ಚೀನಾದ್ದು, ಹತ್ತಿ ಜಪಾನಿನದು ಅಂತ ಮಾಳಿಗಿ ಮೇಲೆ ವಿವರಿಸಿದ್ದು ನೆನಪಾಯಿತು.

ಅಕ್ಬರನ ಮುಂದೆ ಅದನ್ನು ಇಟ್ಟದ್ದು 1604-05ರ ಹೊತ್ತಿಗೆ, ಅವನ ಕೊನೆಗಾಲದಲ್ಲಿ. ಇದೇನು ಅಂತ ಅಕ್ಬರ್ ಕೇಳಿದ. ಮೆಕ್ಕಾ ಮದೀನಾದಲ್ಲೆಲ್ಲ ಗೊತ್ತಿರುವ ವಸ್ತು, ತಮಗೆ ಔಷಧಿ ಅಂತ ತಂದಿದ್ದಾನೆ ಅಂದ ಖಾನ್-ಎ-ಆಜಂ. ಅಸದ್ ಬೇಗನ ಮನಸ್ಸು ನೋಯಬಾರದು ಅಂತ ಅಕ್ಬರ್ ಎರಡು ಮೂರು ದಮ್ಮು ಎಳೆದ. ಆಸ್ಥಾನದ ಹಕೀಮ ಸಾಕು ಅಂತ ತಡೆದ. ಆಮೇಲೆ ವಾದ. ಹಕೀಮನ ಮಾತು, ನಮ್ಮ ವೈದ್ಯರು ಪರೀಕ್ಷೆ ಮಾಡದ್ದನ್ನು ಫರಂಗಿಗಳು ಸೇದುತ್ತಾರೆ ಅಂತ ನಾವು ಸೇದಬೇಕೇ? ಅಸದ್ ಬೇಗನ ಮಾತು, ಫರಂಗಿಗಳಲ್ಲೂ ಬುದ್ಧಿವಂತರಿದ್ದಾರೆ, ನೀವು ನೋಡದೆಯೇ ಬೇಡ ಅಂದರೆ ಹೇಗೆ, ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಅಲ್ಲವೇ? ಅಕ್ಬರ್ ಅಸದನ ಮಾತನ್ನು ಮೆಚ್ಚಿದ. ಆದರೆ ತಾನು ಮಾತ್ರ ಅದನ್ನು ಮತ್ತೆ ರೂಢಿ ಮಾಡಿಕೊಳ್ಳಲಿಲ್ಲ. ಅಮೀರರು ಬಿಡಲಿಲ್ಲ, ತಮಗೂ ಬೇಕು ಅಂತ ತರಿಸಿಕೊಂಡರು, ವ್ಯಾಪಾರಿಗಳು ಮಾರತೊಡಗಿದರು.

ನನ್ನ ಮಟ್ಟಿಗೆ ಆ ವಾದದಲ್ಲಿ ಸೊಗಸಾಗಿ ಮಾತಾಡಿದವನು ಅಸದ್ ಬೇಗ್, ಸರಿಯಾಗಿ ಹೇಳಿದವನು ಹಕೀಮ.

1617ರಲ್ಲಿ ಜಹಾಂಗೀರ್ ತಂಬಾಕು ಸೇದಬಾರದು ಅಂತ ಹುಕುಂ ಹೊರಡಿಸಿದ. ಇರಾನಿನಲ್ಲಿ ಶಾಹ ಅಬ್ಬಾಸನೂ ನಿಷೇಧಿಸಿದ್ದ. ಆದರೆ ಜಹಾಂಗೀರನ ರಾಯಭಾರಿ ಖಾನ್ ಆಲಂಗೆ ಹೊಗೆ ಇಲ್ಲದೆ ಒಂದು ಗಳಿಗೆ ನಡೆಯದು, ಅವನಿಗೆ ಮಾತ್ರ ಶಾಹ ಎರಡು ಸಾಲು ಪದ್ಯ ಬರೆದು ಅನುಮತಿ ಕೊಟ್ಟನಂತೆ. ನಿಷೇಧ, ಅದರಲ್ಲೊಂದು ಕಿಂಡಿ. ಅಂದಿನಿಂದಲೂ ಇದ್ದದ್ದೇ.

ಇನ್ನು ನೀರಿನ ವಿಷಯ. ಅಸದ್ ಬೇಗನ ವರ್ಣನೆಯಲ್ಲಿ ನೀರಿಲ್ಲ, ಅದು ಬರೀ ಉದ್ದ ಕೊಳವೆ. ಇಂಟರ್ನೆಟ್ಟಿನಲ್ಲಿ ಎಲ್ಲಿ ನೋಡಿದರೂ ಒಂದು ಕಥೆ ಸಿಗುತ್ತದೆ. ಹೊಗೆ ನೀರಿನಲ್ಲಿ ಹಾದು ಬಂದರೆ ಶುದ್ಧವಾಗುತ್ತದೆ ಅಂತ ಅಕ್ಬರನ ವೈದ್ಯ ಹಕೀಮ್ ಅಬುಲ್ ಫತಹ್ ಗೀಲಾನಿ ಹುಕ್ಕಾ ಕಂಡುಹಿಡಿದ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಗೀಲಾನಿ ತೀರಿಕೊಂಡದ್ದು 1580ರ ದಶಕದ ಕೊನೆಗೆ. ಅಕ್ಬರ್ ಮೊದಲ ದಮ್ಮು ಎಳೆದದ್ದು ಅದಾಗಿ ಸುಮಾರು ಹದಿನೈದು ವರ್ಷದ ಮೇಲೆ. ಬಗ್ ಬರುವ ಮೊದಲೇ ಫಿಕ್ಸ್ ಮಾಡಿ ಹೋದ ಪುಣ್ಯಾತ್ಮ! ಕಥೆ ಬೆಳೆದದ್ದು ಯಾಕೆ ಅಂತ ಮಾತ್ರ ಅರ್ಥವಾಗುತ್ತದೆ. ಡಾಕ್ಟರೇ ಮಾಡಿದ್ದು ಅಂದರೆ ಸೇದುವವನಿಗೆ ಧೈರ್ಯ. ಇಂದಿನ ವೇಪನ್ನು 2003ರಲ್ಲಿ ರೂಪಿಸಿದ ಚೀನಾದ ಹೊನ್ ಲಿಕ್ ಔಷಧಶಾಸ್ತ್ರ ಓದಿದವನು, ಅದನ್ನೂ ನಮ್ಮ ತಮ್ಮ ಮೊದಲನೇ ದಿನವೇ ಹೇಳಿದ್ದ.

ಹುಕ್ಕಾದ ಹುಟ್ಟು ಎಲ್ಲೇ ಇರಲಿ, ಅದರ ಚೆಂದ ಮಾತ್ರ ನಮ್ಮ ಕಡೆಯದು. ಲಂಡನ್ನಿನ, ನ್ಯೂಯಾರ್ಕಿನ ಮ್ಯೂಸಿಯಂಗಳಲ್ಲಿ ಗಾಜಿನೊಳಗೆ ಕೂತಿರುವ ಹಳೆಯ ಹುಕ್ಕಾ ತಳಗಳಲ್ಲಿ ಬಿದರಿ ಕೆಲಸದವು ಬೇಕಾದಷ್ಟಿವೆ. ನೀರು ನಿಲ್ಲುವ ಕುಡಿಕೆ ಅದು, ಇವತ್ತಿನ ಮಾತಲ್ಲಿ ಟ್ಯಾಂಕು. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹಳೆಯವು ಚೆಂಡಿನ ಹಾಗೆ ದುಂಡಗೆ, ಕೆಳಗೆ ಸಿಂಬಿ ಇಟ್ಟು ಕೂರಿಸಬೇಕು. ಹದಿನೆಂಟನೇ ಶತಮಾನದಲ್ಲಿ ಗಂಟೆಯ ಆಕಾರಕ್ಕೆ ಬಂದವು, ಉರುಳಿ ಬೀಳದ ಹಾಗೆ. 2006ರಲ್ಲಿ ಬಿದರಿಗೆ ಜಿಐ ಮಾನ್ಯತೆ ಸಿಕ್ಕಿತು. ಈಗ ಬೀದರಿನಲ್ಲಿ ಹೂದಾನಿ, ಕಿವಿಯೋಲೆ, ಪೆನ್‌ಡ್ರೈವ್ ಕವಚವನ್ನೂ ಮಾಡುತ್ತಾರೆ.

ಶ್ರೀಮಂತರ ಮನೆಯ ಹುಕ್ಕಾ ನೋಡಿಕೊಳ್ಳಲಿಕ್ಕೇ ಒಬ್ಬ ಆಳು ಇರುತ್ತಿದ್ದ, ಹುಕ್ಕಾಬರ್ದಾರ. ನೀರು ಬದಲಿಸುವುದು, ಕೆಂಡ ನೋಡಿಕೊಳ್ಳುವುದು, ಕೊಳವೆ ತೊಳೆಯುವುದು, ಕರೆದಾಗ ಹಾಜರಿರುವುದು. ನಮ್ಮ ಆಫೀಸಿನ ಆನ್-ಕಾಲ್ ಸಪೋರ್ಟಿನವರೇ ಅನ್ನಿ. 1779ರಲ್ಲಿ ಕಲ್ಕತ್ತೆಯ ವಾರನ್ ಹೇಸ್ಟಿಂಗ್ಸ್ ದಂಪತಿಯ ಸಂಗೀತ ಕೂಟದ ಆಮಂತ್ರಣದಲ್ಲಿ, ಹುಕ್ಕಾಬರ್ದಾರನನ್ನು ಬಿಟ್ಟು ಬೇರೆ ಆಳುಗಳನ್ನು ಕರೆತರಬೇಡಿ ಅಂತ ಬಿನ್ನಹವಿತ್ತು.

ನಮ್ಮ ಮುತ್ಯಾನ ಹುಕ್ಕಾಬರ್ದಾರ ನಾನೇ. ಏಳೆಂಟು ವರ್ಷದವನಿದ್ದಾಗ. ಬೆಳಿಗ್ಗೆ ಚಿಪ್ಪಿನ ಹಳೇ ನೀರು ಚೆಲ್ಲಬೇಕು, ಕಡು ಚಹಾದ ಬಣ್ಣ, ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ. ಹೊಸ ನೀರು ಕೊಳವೆಯ ತುದಿ ಮುಳುಗುವಷ್ಟೇ ಹಾಕಬೇಕು, ಜಾಸ್ತಿಯಾದರೆ ಬಾಯಿಗೆ ನೀರು ಬರುತ್ತದೆ. ಚಿಲಮಿಯ ತಳದ ಹರಳು ತೆಗೆದು ಒರೆಸಬೇಕು. ಬಟ್ಟೆಯ ಪಟ್ಟಿ ದಾರಕ್ಕೆ ಕಟ್ಟಿ ಚಿಲಮಿಯೊಳಗೆ ಹಿಂದೆ ಮುಂದೆ ಎಳೆದರೆ ಕರ್ರನೆಯ ಅಂಟು ಬರುತ್ತದೆ. ತಂಬಾಕಿಗೆ ಬೆಲ್ಲ ಕಲಸಿರುತ್ತಿತ್ತು, ಆ ಬೆಲ್ಲ ಸುಟ್ಟು ಚಿಲಮಿ ಬೇಗ ಕಟ್ಟಿಕೊಳ್ಳುತ್ತಿತ್ತು. ನಾಕು ಸಲ ಕೆರೆದ ಮೇಲೆ ಪ್ರಯೋಜನವಿಲ್ಲ, ಸಂತೆಯಿಂದ ಹೊಸ ಚಿಲಮಿ. ಬೆರಳಿಂದ ತಟ್ಟಿ ಟಣ್ ಅಂದರೆ ಮಾತ್ರ ತರಬೇಕು, ಚೆನ್ನಾಗಿ ಸುಟ್ಟದ್ದು ಅಂತ. ಹೊಸದನ್ನು ಮುತ್ಯಾ ಮೊದಲು ನೀರಿನಲ್ಲಿ ನೆನೆಹಾಕುತ್ತಿದ್ದ.

ಸಿಹಿ ಸುಟ್ಟು ಕಟ್ಟಿಕೊಳ್ಳುವುದು, ಬದಲಿ ಹಾಕುವುದು, ಮೊದಲು ನೆನೆಸುವುದು. ಮಾಳಿಗಿ ಮೇಲೆ ತಮ್ಮನಿಗೆ ನಾನು ಕಲಿಸಿದ್ದು ಇದನ್ನೇ. ಓಮಿನ ಲೆಕ್ಕ ಒಂದು ಜಾಸ್ತಿ.

ನೀರು ಹೊಗೆಯನ್ನು ತಂಪು ಮಾಡುತ್ತದೆ, ತೊಳೆಯುವುದು ಬಹಳ ಕಮ್ಮಿ. ಒಂದು ಸಲ ಹುಕ್ಕಾ ಎಳೆಯುತ್ತಾ ಕೂತರೆ ನೂರು ಸಿಗರೇಟಿನಷ್ಟು ಹೊಗೆ ಒಳಗೆ ಹೋಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿತ್ತು. ತಂಪಾದ್ದರಿಂದ ಗಂಟಲಿಗೆ ಕುಟುಕುವುದಿಲ್ಲ, ಅದಕ್ಕೇ ಆಳಕ್ಕೆ ಎಳೆಯುತ್ತಾರೆ. ವೇಪಿನ ಮೇಲೆ 2018ರಲ್ಲಿ ಅಮೆರಿಕಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 56 ಜನರ ಯಂತ್ರ ಪರೀಕ್ಷಿಸಿದರು. ಬಾಟಲಿಯ ದ್ರವದಲ್ಲಿ ಅಷ್ಟಾಗಿ ಇಲ್ಲದ ಸೀಸ, ನಿಕಲ್, ಕ್ರೋಮಿಯಂ ಕಾಯಿಲಿಗೆ ತಾಗಿದ ಮೇಲೆ ಆವಿಯಲ್ಲಿ ಹೆಚ್ಚಾಗಿ ಸಿಕ್ಕಿತು. "ಬರೇ ಆವಿ"ಯಲ್ಲಿ ತಂತಿಯೂ ಇತ್ತು.

ಕರ್ನಾಟಕದಲ್ಲಿ 2024ರ ಫೆಬ್ರವರಿಯಲ್ಲಿ ಹುಕ್ಕಾವನ್ನೂ ನಿಷೇಧಿಸಿದರು, ಏಪ್ರಿಲಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುತ್ಯಾ ಅಷ್ಟು ದಿನ ಇರಲಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗಿನ ಚಳಿಗಾಲದಲ್ಲಿ ಹೋದ. ಕೊನೆಯ ಎರಡು ತಿಂಗಳು ಮಲಗೋಕೆ ಆಗದೆ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದ. ಆಗಲೂ ಬೆಳಿಗ್ಗೆ ಚಿಪ್ಪಿಗೆ ನೀರು ತುಂಬಿಸಿ ಕೊಟ್ಟವನು ನಾನು. ಬೇಡ ಅನ್ನಲು ನನಗೆ ಗೊತ್ತಿರಲಿಲ್ಲ. ಈ ಸಲ ಗೊತ್ತಿತ್ತು, ಆದರೂ ಓಮಿನ ಲೆಕ್ಕ ಹೇಳಿಕೊಟ್ಟೆ.

ಕಾಯಿಲ್ ತರಲಿಲ್ಲ, ಚಾಕಲೇಟ್ ತಂದೆ. ಹೋದ ವಾರ ಊರಿಗೆ ಹೋಗಿ ಅಟ್ಟದ ಮೇಲಿದ್ದ ಮುತ್ಯಾನ ಗುಡುಗುಡಿ ಇಳಿಸಿದೆ. ಚಿಪ್ಪು ಸೀಳಿದೆ, ಕೊಳವೆಗೆ ಹುಳ ಹಿಡಿದಿದೆ. ಚಿಲಮಿ ಮಾತ್ರ ಗಟ್ಟಿಯಾಗಿದೆ, ಒಳಗೆ ಬೆರಳು ಹಾಕಿದರೆ ಅದೇ ಕರ್ರನೆಯ ಅಂಟು, ಇಷ್ಟು ವರ್ಷದ ಮೇಲೂ ಅದೇ ವಾಸನೆ. ತಮ್ಮನೂ ಬಂದಿದ್ದ. ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನು ಹುಟ್ಟಿದ್ದು ಮುತ್ಯಾ ಹೋಗುವುದಕ್ಕೆ ಎರಡು ವರ್ಷ ಮೊದಲು, ಮುಖ ನೆನಪಿಲ್ಲ ಅವನಿಗೆ. ಚಿಲಮಿ ಕೈಗೆ ಕೊಟ್ಟೆ. ಮೂಸಿ ನೋಡಿದ, ಮುಖ ಸಿಂಡರಿಸಿದ.

"ಇದನ್ನ ಯಾರು ತೊಳೀತಿದ್ರು?" ಅಂತ ಕೇಳಿದ. ನಾನು ಅಂದೆ.