ಹೊಸ ಬೋರ್ಡು, ಹಳೇ ಬಯಾಸ್: ಒಂದು ಕಪ್ಪು ಸ್ಕ್ರೀನ್ ಹಿಂದಿನ 40 ವರ್ಷ

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ಕಪ್ಪು ಸ್ಕ್ರೀನ್‌ನಿಂದ.

ಕೆಲವು ವರ್ಷದ ಹಿಂದೆ ನಾನು ಮೊದಲ ಸಲ ಸ್ವಂತ ಕಂಪ್ಯೂಟರ್ ಜೋಡಿಸಿದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಎರಡು ದಿನ ಅಲೆದು, ಮದರ್‌ಬೋರ್ಡ್ ಒಂದು ಅಂಗಡಿಯಲ್ಲಿ, ಪ್ರೊಸೆಸರ್ ಇನ್ನೊಂದು ಅಂಗಡಿಯಲ್ಲಿ ತಗೊಂಡೆ. ಎರಡೂ ಸೀಲ್ ಒಡೆಯದ ಹೊಸ ಡಬ್ಬ. ಮನೆಗೆ ಬಂದು ಎಲ್ಲ ಜೋಡಿಸಿ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಲೈಟ್ ಹತ್ತಿತು, ಸ್ಕ್ರೀನ್ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ, ಕೇಬಲ್ ಬದಲಾಯಿಸಿದೆ, ಊಹೂಂ. ಪ್ರೊಸೆಸರ್ ಕೊಟ್ಟವರು "ಬೋರ್ಡ್ ಹೋಗಿರ್ಬೇಕು" ಅಂದ್ರು. ಬೋರ್ಡ್ ಕೊಟ್ಟವರು "ಪ್ರೊಸೆಸರ್ ಚೆಕ್ ಮಾಡ್ಸಿ" ಅಂದ್ರು. ವರ್ಷಗಟ್ಟಲೆ ಉಳಿಸಿದ ದುಡ್ಡು ಹೋಯ್ತು ಅಂತ ಹೊಟ್ಟೆಯಲ್ಲಿ ಸಂಕಟ.

ಕೊನೆಗೆ ರಿಪೇರಿ ಮಾಡೋ ಹಿರಿಯರೊಬ್ಬರ ಹತ್ರ ಹೋದೆ. ಅವರು ಒಂದೇ ನಿಮಿಷ ನೋಡಿ, "ಏನೂ ಸುಟ್ಟಿಲ್ಲ ಕಣಪ್ಪ, ಬಯಾಸ್ ಹಳೇದು ಅಷ್ಟೆ" ಅಂದ್ರು. ಡ್ರಾಯರ್‌ನಿಂದ ಒಂದು ಹಳೇ ಪ್ರೊಸೆಸರ್ ತೆಗೆದು ಕೂರಿಸಿ, ಪೆನ್‌ಡ್ರೈವ್ ಚುಚ್ಚಿ, ಬಯಾಸ್ ಅಪ್‌ಡೇಟ್ ಮಾಡಿ, ನನ್ನ ಪ್ರೊಸೆಸರ್ ವಾಪಸ್ ಹಾಕಿದರು. ಸ್ಕ್ರೀನ್ ಬಂತು!

ಬೋರ್ಡೂ ಹೊಸದು, ಪ್ರೊಸೆಸರ್ರೂ ಹೊಸದು. ಹಾಗಾದ್ರೆ ಅದರೊಳಗೆ ಈ "ಹಳೇದು" ಎಲ್ಲಿಂದ ಬಂತು? ಅದಕ್ಕೆ ಸ್ವಲ್ಪ ಇತಿಹಾಸ ನೋಡ್ಬೇಕು.

ಮೊದಲು ಬಯಾಸ್ ಅಂದ್ರೆ ಏನು ಅಂತ ಸರಳವಾಗಿ ಹೇಳ್ತೀನಿ. ಕಂಪ್ಯೂಟರ್ ಆನ್ ಆದ ಕ್ಷಣದಲ್ಲಿ ರ‍್ಯಾಮ್ ಖಾಲಿ ಇರುತ್ತೆ. ಡಿಸ್ಕ್ ಓದೋದು ಹೇಗೆ ಅಂತಲೂ ಪ್ರೊಸೆಸರ್‌ಗೆ ಗೊತ್ತಿರಲ್ಲ. ಆಗ ಬೋರ್ಡ್ ಮೇಲಿನ ಒಂದು ಸಣ್ಣ ಚಿಪ್‌ನಲ್ಲಿರುವ ಪ್ರೋಗ್ರಾಂ ಕೆಲಸ ಶುರು ಮಾಡುತ್ತೆ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಡಿಸ್ಕ್ ಎಲ್ಲಿದೆ ಅಂತ ನೋಡಿ, ಎಲ್ಲ ಸಿದ್ಧ ಮಾಡಿ, ಆಮೇಲೆ ವಿಂಡೋಸ್‌ಗೋ ಲಿನಕ್ಸ್‌ಗೋ ಕೆಲಸ ಒಪ್ಪಿಸುತ್ತೆ. 'ಬಯಾಸ್' ಅನ್ನೋ ಹೆಸರು ಬಂದದ್ದು 1970ರ ದಶಕದಲ್ಲಿ, ಅಮೆರಿಕದ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಆಪರೇಟಿಂಗ್ ಸಿಸ್ಟಂನಿಂದ. ಯಂತ್ರದಿಂದ ಯಂತ್ರಕ್ಕೆ ಬದಲಾಗೋ ಭಾಗವನ್ನೆಲ್ಲ ಅವರು ಒಂದು ಕಡೆ ಕೂಡಿಸಿ ಆ ಹೆಸರಿಟ್ಟರು. ಹೊಸ ಯಂತ್ರ ಬಂದರೆ ಅದೊಂದನ್ನು ಬದಲಾಯಿಸಿದರೆ ಸಾಕು, ಉಳಿದದ್ದು ಹಾಗೇ ಇರಬಹುದು.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿ ಬಿಡುಗಡೆ ಮಾಡಿತು. ಅದರ ಬಯಾಸ್ ಇದ್ದದ್ದು ಓದಕ್ಕೆ ಮಾತ್ರ ಬರುವ ಚಿಪ್‌ನಲ್ಲಿ. ಒಂದು ಸಲ ಬರೆದರೆ ಮುಗೀತು, ತಿದ್ದೋ ಹಾಗಿಲ್ಲ. ಆ ಪ್ರೋಗ್ರಾಂನ ಪೂರ್ತಿ ಸೋರ್ಸ್ ಕೋಡನ್ನು ಐಬಿಎಂ ತನ್ನ ಟೆಕ್ನಿಕಲ್ ಕೈಪಿಡಿಯಲ್ಲೇ ಅಚ್ಚು ಹಾಕಿತ್ತು. ಯಾರು ಬೇಕಾದ್ರೂ ಓದಬಹುದಿತ್ತು, ಆದರೆ ಕಾಪಿರೈಟ್ ಇದ್ದದ್ದರಿಂದ ನಕಲು ಮಾಡೋ ಹಾಗಿರಲಿಲ್ಲ.

ಕಾಂಪ್ಯಾಕ್ ಕಂಪನಿ ಇದಕ್ಕೊಂದು ದಾರಿ ಹುಡುಕಿತು. ಒಂದು ತಂಡ ಐಬಿಎಂ ಬಯಾಸ್ ಏನೇನು ಮಾಡುತ್ತೆ ಅಂತ ಮಾತ್ರ ಬರೆದುಕೊಡಬೇಕು. ಆ ಕೋಡನ್ನು ಕಣ್ಣಲ್ಲೂ ನೋಡದ ಇನ್ನೊಂದು ತಂಡ ಆ ವಿವರಣೆ ಇಟ್ಟುಕೊಂಡು ಹೊಸದಾಗಿ ಪ್ರೋಗ್ರಾಂ ಬರೀಬೇಕು. ಹೀಗೆ ತಯಾರಾದ ಕಾಂಪ್ಯಾಕ್ ಪೋರ್ಟಬಲ್ 1982ರ ನವೆಂಬರ್‌ನಲ್ಲಿ ಘೋಷಣೆಯಾಯ್ತು. 1984ರಲ್ಲಿ ಫೀನಿಕ್ಸ್ ಕಂಪನಿ ಇದೇ ರೀತಿ ಬಯಾಸ್ ಬರೆದು, ಬೇಕಾದ ಕಂಪ್ಯೂಟರ್ ಕಂಪನಿಗಳಿಗೆ ಮಾರಕ್ಕೆ ಶುರು ಮಾಡಿತು. ಇವತ್ತು ನಾವು ಬೋರ್ಡ್ ಒಂದು ಕಂಪನಿಯದು, ಪ್ರೊಸೆಸರ್ ಇನ್ನೊಂದರದು, ರ‍್ಯಾಮ್ ಮತ್ತೊಂದರದು ಅಂತ ತಂದು ಜೋಡಿಸ್ತೀವಲ್ಲ, ಅದಕ್ಕೆ ಬಾಗಿಲು ತೆರೆದದ್ದು ಈ ಬಯಾಸ್‌ಗಳೇ.

ಇನ್ನೊಂದು ವಿಷಯ ಕೇಳಿ. ನನಗೆ ಆದ ತೊಂದರೆ ಐಬಿಎಂ ಪಿಸಿ ತಗೊಂಡವರಿಗೂ ಆಗಿತ್ತು. 1981ರ ಬಯಾಸ್‌ಗೆ ಎಕ್ಸ್‌ಪಾನ್ಷನ್ ಕಾರ್ಡ್‌ಗಳ ಮೇಲೆ ಇರುವ ಪ್ರೋಗ್ರಾಂ ಹುಡುಕೋದು ಗೊತ್ತಿರಲಿಲ್ಲ. ಹಾಗಾಗಿ ಹಾರ್ಡ್ ಡಿಸ್ಕ್ ಕಾರ್ಡ್ ಹಾಕಿದರೂ ಅದರಿಂದ ಪಿಸಿ ಬೂಟ್ ಆಗ್ತಿರಲಿಲ್ಲ. ಇದು ಸರಿಹೋದದ್ದು 1982ರ ಅಕ್ಟೋಬರ್ 27ರ ತಾರೀಖಿನ ಬಯಾಸ್‌ನಲ್ಲಿ. ಹಳೇ ಪಿಸಿ ಇದ್ದವರು ಸಾಕೆಟ್‌ನಿಂದ ಚಿಪ್ ಕಿತ್ತು ಹೊಸ ಚಿಪ್ ಕೂರಿಸಬೇಕಿತ್ತು. ಅಪ್‌ಡೇಟ್ ಅಂದ್ರೆ ಆಗ ಕೈಗೆ ಸಿಗೋ ಒಂದು ವಸ್ತು.

ಅದನ್ನು ಬದಲಾಯಿಸಿದ್ದು ಫ್ಲಾಶ್ ಮೆಮೊರಿ. ತೋಷಿಬಾದಲ್ಲಿದ್ದ ಜಪಾನಿನ ಎಂಜಿನಿಯರ್ ಫುಜಿಯೊ ಮಸುವೊಕಾ 1984ರಲ್ಲಿ ಅದನ್ನು ಲೋಕದ ಮುಂದಿಟ್ಟರು. 1990ರ ದಶಕದಲ್ಲಿ ಮದರ್‌ಬೋರ್ಡ್‌ಗಳಿಗೂ ಫ್ಲಾಶ್ ಚಿಪ್ ಬಂತು. ಚಿಪ್ ಕೀಳೋದು ಬೇಡ, ಫ್ಲಾಪಿ ಹಾಕಿ ಬಯಾಸನ್ನೇ ಮತ್ತೆ ಬರೀಬಹುದು. ಆದ್ರೆ ಬರೆಯೋವಾಗ ಅರ್ಧದಲ್ಲಿ ಕರೆಂಟ್ ಹೋದ್ರೆ? ಅರ್ಧ ಬರೆದ ಬಯಾಸ್‌ನಿಂದ ಕಂಪ್ಯೂಟರ್ ಏಳೋದೇ ಇಲ್ಲ. ಹೋಗ್ಲಿ, ನಾವು ಬರೀಬಹುದು ಅಂದ್ರೆ ವೈರಸ್ಸೂ ಬರೀಬಹುದು ಅಲ್ವಾ? ತೈವಾನ್‌ನ ವಿದ್ಯಾರ್ಥಿ ಚೆನ್ ಇಂಗ್-ಹೌ 1998ರಲ್ಲಿ ಬರೆದ ಸಿಐಎಚ್ ವೈರಸ್, 1999ರ ಏಪ್ರಿಲ್ 26ರಂದು ಜಗತ್ತಿನ ಹಲವು ದೇಶಗಳಲ್ಲಿ ಡಿಸ್ಕ್‌ನ ಡೇಟಾ ಅಳಿಸಿತು. ಕೆಲವು ಬೋರ್ಡ್‌ಗಳಲ್ಲಿ ಬಯಾಸನ್ನೂ ಕೆಡಿಸಿತು. ಚೆರ್ನೊಬಿಲ್ ದುರಂತದ ದಿನವೇ ಆದ್ದರಿಂದ ಅದಕ್ಕೆ ಚೆರ್ನೊಬಿಲ್ ವೈರಸ್ ಅಂತಲೂ ಹೆಸರು ಬಿತ್ತು.

ಮುಂದೆ ಇಂಟೆಲ್ ಶುರು ಮಾಡಿದ ಇಎಫ್ಐ ಅನ್ನೋ ಹೊಸ ವಿನ್ಯಾಸ, 2005ರಲ್ಲಿ ಹಲವು ಕಂಪನಿಗಳು ಸೇರಿ ಕಟ್ಟಿದ ವೇದಿಕೆಯ ಕೈಗೆ ಹೋಗಿ ಯುಇಎಫ್ಐ ಆಯ್ತು. ಇವತ್ತು ನಮ್ಮ ಬೋರ್ಡ್‌ಗಳಲ್ಲಿ ಇರೋದು ಅದೇ. ಬಾಯಲ್ಲಿ ಮಾತ್ರ ಇನ್ನೂ ಬಯಾಸ್.

ಈಗ ನಮ್ಮ ಕಾಲಕ್ಕೆ ಬರೋಣ. 2017ರ ಮಾರ್ಚ್‌ನಲ್ಲಿ ಎಎಂಡಿ ತನ್ನ ಮೊದಲ ರೈಜನ್ ಪ್ರೊಸೆಸರ್‌ಗಳನ್ನು ಎಎಂ4 ಸಾಕೆಟ್‌ಗೆ ತಂದಿತು. 2020ರ ತನಕ ಇದೇ ಸಾಕೆಟ್ ಅಂತ ಮಾತು ಕೊಟ್ಟಿತು. ಗಿರಾಕಿಗೆ ಒಳ್ಳೇ ಸುದ್ದಿ: ಬೋರ್ಡ್ ಬದಲಾಯಿಸದೆ ಪ್ರೊಸೆಸರ್ ಬದಲಾಯಿಸಬಹುದು. ಆದ್ರೆ ಸಾಕೆಟ್‌ಗೆ ಪಿನ್ ಸರಿಯಾಗಿ ಕೂತರೆ ಸಾಲದು, ಆ ಪ್ರೊಸೆಸರ್ ಬಯಾಸ್‌ಗೆ ಗೊತ್ತಿರಬೇಕು. ಬೋರ್ಡ್ 2018ರಲ್ಲಿ ಡಬ್ಬ ಸೇರಿ ಗೋಡೌನ್‌ನಲ್ಲಿ ಕೂತಿತ್ತು ಅಂದ್ಕೊಳ್ಳಿ. 2019ರ ಜುಲೈನಲ್ಲಿ ಬಂದ ರೈಜನ್ 3000 ಅದಕ್ಕೆ ಹೇಗೆ ಗೊತ್ತಿರುತ್ತೆ? ಬಿ.ಕಾಂ.ನಲ್ಲಿ ಸ್ಟಾಕ್ ಪಾಠ ಓದಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಮೊದಲು ಬಂದ ಮಾಲು ಮೊದಲು ಹೋಗ್ಬೇಕು. ಹಳೇ ಸ್ಟಾಕ್ ಮುಗಿಯೋವರೆಗೂ ಹಳೇ ಬಯಾಸೇ ನಿಮ್ಮ ಮನೆಗೆ ಬರುತ್ತೆ.

2018ರ ಫೆಬ್ರವರಿಯಲ್ಲಿ ಗ್ರಾಫಿಕ್ಸ್ ಸೇರಿದ ರೈಜನ್‌ಗಳು ಬಂದಾಗ ಇದೇ ತೊಂದರೆ ಜೋರಾಯ್ತು. ಅಪ್‌ಡೇಟ್ ಮಾಡಕ್ಕೆ ಓಡುವ ಪ್ರೊಸೆಸರ್ ಬೇಕು, ಪ್ರೊಸೆಸರ್ ಓಡಕ್ಕೆ ಅಪ್‌ಡೇಟ್ ಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅಂತಾರಲ್ಲ, ಹಾಗೆ. ಆಗ ಎಎಂಡಿ, ಕೇಳಿದ ಗಿರಾಕಿಗಳಿಗೆ ಒಂದು ಕಡಿಮೆ ಬೆಲೆಯ ಪ್ರೊಸೆಸರನ್ನು ಸಾಲ ಕೊಟ್ಟಿತು. ಅದನ್ನು ಹಾಕಿ, ಬಯಾಸ್ ಅಪ್‌ಡೇಟ್ ಮಾಡಿ, ವಾಪಸ್ ಕಳಿಸಬೇಕು. ನಮ್ಮ ರಿಪೇರಿ ಹಿರಿಯರ ಡ್ರಾಯರ್ ಮಾಡಿದ ಕೆಲಸವೇ ಅದು.

2020ರ ಮೇ ತಿಂಗಳಲ್ಲಿ ಇನ್ನೊಂದು ಗಲಾಟೆ. ಮುಂದಿನ ರೈಜನ್‌ಗಳು 400 ಸರಣಿಯ ಬೋರ್ಡ್‌ಗಳಲ್ಲಿ ಓಡಲ್ಲ, ಬಯಾಸ್ ಚಿಪ್‌ನಲ್ಲಿ ಜಾಗ ಸಾಲಲ್ಲ ಅಂತ ಎಎಂಡಿ ಹೇಳಿತು. ಅಂಥ ಬಹಳ ಬೋರ್ಡ್‌ಗಳಲ್ಲಿ ಇದ್ದದ್ದು 16 ಎಂಬಿ ಚಿಪ್. ಗಿರಾಕಿಗಳು ತಿರುಗಿಬಿದ್ದರು. ಅದೇ ತಿಂಗಳು ಎಎಂಡಿ ನಿರ್ಧಾರ ಬದಲಾಯಿಸಿತು. ಇದು ಒಂದೇ ಕಂಪನಿಯ ಕಥೆ ಅಲ್ಲ. 2022ರಲ್ಲಿ ಇಂಟೆಲ್‌ನ 13ನೇ ತಲೆಮಾರು ಬಂದಾಗ 600 ಸರಣಿಯ ಬೋರ್ಡ್‌ಗಳಿಗೂ ಅಪ್‌ಡೇಟ್ ಬೇಕಾಯ್ತು.

ಹಾಗಾದ್ರೆ ನೀವೇನು ಮಾಡ್ಬೇಕು? ದುಡ್ಡು ಕೊಡೋ ಮುಂಚೆ ಬೋರ್ಡ್ ಕಂಪನಿಯ ಸೈಟ್‌ನಲ್ಲಿ ಪ್ರೊಸೆಸರ್ ಪಟ್ಟಿ ತೆಗೀರಿ. ನಿಮ್ಮ ಪ್ರೊಸೆಸರ್ ಎದುರು ಯಾವ ಬಯಾಸ್ ವರ್ಷನ್‌ನಿಂದ ಓಡುತ್ತೆ ಅಂತ ಬರೆದಿರುತ್ತೆ. ಬೋರ್ಡ್‌ನಲ್ಲಿ ಬಯಾಸ್ ಫ್ಲಾಶ್‌ಬ್ಯಾಕ್ ಬಟನ್ ಇದೆಯಾ ನೋಡಿ. ಇದ್ದರೆ ಪ್ರೊಸೆಸರೇ ಇಲ್ಲದೆ ಅಪ್‌ಡೇಟ್ ಆಗುತ್ತೆ: ಎಫ್ಎಟಿ32 ಮಾಡಿದ ಪೆನ್‌ಡ್ರೈವ್, ನಿಮ್ಮದೇ ಮಾಡೆಲ್‌ನ ಫೈಲ್, ಕೈಪಿಡಿ ಹೇಳಿದ ಹೆಸರು, ಗುರುತು ಮಾಡಿದ ಯುಎಸ್‌ಬಿ ಪೋರ್ಟ್. ಬಟನ್ ಒತ್ತಿ, ಲೈಟ್ ಮಿನುಗೋದು ನಿಲ್ಲೋವರೆಗೂ ಮುಟ್ಟಬೇಡಿ. ಸಾಧ್ಯ ಇದ್ರೆ ಯುಪಿಎಸ್‌ನಲ್ಲಿ ಹಾಕಿ. ಬಟನ್ ಇಲ್ಲದಿದ್ದರೆ "ಅಪ್‌ಡೇಟ್ ಮಾಡಿ ಕೊಡ್ತೀರಾ" ಅಂತ ಬಿಲ್ ಹಾಕೋ ಮುಂಚೆನೇ ಅಂಗಡಿಯವರನ್ನ ಕೇಳಿ.

1981ರಲ್ಲಿ ಬಯಾಸ್ ಬದಲಾಗ್ತಿರಲಿಲ್ಲ, ಹಾಗಾಗಿ ಯಾರೂ ಮುಂದಿನ ಪ್ರೊಸೆಸರ್ ಬಗ್ಗೆ ಮಾತು ಕೊಡ್ತಿರಲಿಲ್ಲ. ಈಗ ಬದಲಾಗುತ್ತೆ, ಹಾಗಾಗಿ ಕಂಪನಿಗಳು ವರ್ಷಗಟ್ಟಲೆ ಮಾತು ಕೊಡ್ತವೆ. ಆ ಮಾತು ಉಳಿಸೋ ಕೊನೇ ಕೆಲಸ ಮಾತ್ರ ಗಿರಾಕಿ ತಲೆ ಮೇಲೆ. ಡಬ್ಬದ ಮೇಲೆ ಬಯಾಸ್ ವರ್ಷನ್ ದಪ್ಪಕ್ಷರದಲ್ಲಿ ಬರೆದಿದ್ರೆ, ಎಷ್ಟೋ ಒಳ್ಳೇ ಬೋರ್ಡ್‌ಗಳು "ಹೋಗಿದೆ" ಅನ್ನಿಸಿಕೊಂಡು ವಾಪಸ್ ಹೋಗ್ತಿರಲಿಲ್ಲ.

ಸ್ಕ್ರೀನ್ ಕಪ್ಪಾದ್ರೆ ಗಾಬರಿ ಬೇಡ. ಮೊದಲು ಬಯಾಸ್ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.