ಜಪಾನಿನ ಪ್ರಾಚೀನ ಸಮರಕಲೆಗಳಲ್ಲಿ ಆಯುಧಾಭ್ಯಾಸ

ಜಪಾನಿನಲ್ಲಿ 1868ರ ಮೇಜಿ ಪುನಃಸ್ಥಾಪನೆಗೆ ಮುಂಚೆ ರೂಪುಗೊಂಡ ಸಮರಕಲಾ ಪರಂಪರೆಗಳಿಗೆ ಕೊರ್ಯು ಎಂದು ಹೆಸರು. ಇವುಗಳಲ್ಲಿ ಹೆಚ್ಚಿನವಕ್ಕೆ ಆಯುಧವಿದ್ಯೆಯೇ ಪ್ರಧಾನ. ಚಿಬಾ ಪ್ರಾಂತದ ಕಟೋರಿ ದೇಗುಲದೊಂದಿಗೆ ನಂಟುಳ್ಳ ಟೆನ್‌ಶಿನ್ ಶೋಡೆನ್ ಕಟೋರಿ ಶಿಂಟೊ-ರ್ಯು ಇಂದಿಗೂ ಉಳಿದಿರುವ ಅತಿ ಹಳೆಯ ಪರಂಪರೆಗಳಲ್ಲೊಂದು. ಇದನ್ನು 15ನೆಯ ಶತಮಾನದಲ್ಲಿ ಇಯಿಝಾಸಾ ಇಯೆನಾವೊ ಸ್ಥಾಪಿಸಿದನೆಂದು ಪ್ರತೀತಿ. ಸೇರುವವರು ರಕ್ತದ ಗುರುತೊತ್ತಿ ಪ್ರತಿಜ್ಞಾಪತ್ರ ಬರೆದುಕೊಡಬೇಕು. ಕತ್ತಿಯ ಜೊತೆಗೆ ಕೋಲು, ಈಟಿ, ಉದ್ದ ಹಿಡಿಗೆ ಬಾಗಿದ ಅಲಗು ಜೋಡಿಸಿದ ನಗಿನಾಟಾ ಕೂಡ ಪಾಠದಲ್ಲಿವೆ.

ಕಲಿಕೆಯ ತಿರುಳು ಕಟಾ, ಅಂದರೆ ಮೊದಲೇ ಗೊತ್ತುಮಾಡಿದ ಜೋಡಿ ವರಸೆ. ತಾಲೀಮಿಗೆ ಸಾಮಾನ್ಯವಾಗಿ ಬೊಕ್ಕೆನ್ ಎಂಬ ಮರದ ಕತ್ತಿ ಬಳಸುತ್ತಾರೆ. ಮೇಲೆರಗುವವನು ಉಚಿಡಾಚಿ, ಅದಕ್ಕೆ ಉತ್ತರಿಸಿ ಗೆಲ್ಲುವವನು ಶಿಡಾಚಿ. ವಿಚಿತ್ರವೆಂದರೆ ಸೋಲುವ ಪಾತ್ರ ಗುರುವಿನದು ಇಲ್ಲವೇ ಹಿರಿಯ ಶಿಷ್ಯನದು. ಅಂತರ, ವೇಗ, ಎರಗುವ ಗಳಿಗೆ ಎಲ್ಲವೂ ಅವನ ಹತೋಟಿಯಲ್ಲಿರುತ್ತವೆ. ಎದುರಿಗಿರುವವನ ಮಟ್ಟ ನೋಡಿ ಏಟನ್ನು ನಿಧಾನಿಸುತ್ತಾನೆ, ಬಿರುಸುಗೊಳಿಸುತ್ತಾನೆ. ಹೀಗಾಗಿ ಹೊಸಬನಿಗೆ ಹೆಜ್ಜೆ ಕಲಿಸಿದ ವರಸೆಯೇ ವರ್ಷಗಳ ಬಳಿಕ ಸರಿಯಾದ ಗಳಿಗೆಯ ಅರಿವನ್ನು ಕಲಿಸುತ್ತದೆ. ಕಟಾವನ್ನು ಬರೀ ಕುಣಿತವೆಂದು ತಳ್ಳಿಹಾಕುವವರು ಉಚಿಡಾಚಿಯನ್ನು ಸರಿಯಾಗಿ ಗಮನಿಸಿರುವುದಿಲ್ಲ. ಕಟೋರಿ ವರಸೆಗಳಲ್ಲಿ ಇನ್ನೊಂದು ಜಾಣತನವಿದೆ: ಮೈಮೇಲೆ ಬೀಳಬೇಕಾದ ಹಲವು ಏಟುಗಳು ಎದುರಾಳಿಯ ಕತ್ತಿಗೆ ಬೀಳುತ್ತವೆ. ಇದರಿಂದ ಗಾಯದ ಭಯವಿಲ್ಲದೆ ಬಿರುಸಾಗಿ ಹೊಡೆಯಬಹುದು; ನೋಡುವ ಹೊರಗಿನವರಿಗೆ ನಿಜವಾದ ಗುರಿಯೂ ತಿಳಿಯದು.

ಸುಮಾರು 128 ಸೆಂ.ಮೀ. ಉದ್ದದ ಜೋ ಎಂಬ ಕೋಲನ್ನು ಕಲಿಸುವ ಶಿಂಟೊ ಮುಸೊ-ರ್ಯುವಿನಲ್ಲಿ ಉಚಿಡಾಚಿ ಕತ್ತಿ ಹಿಡಿಯುತ್ತಾನೆ. ಆದ್ದರಿಂದ ಕೋಲು ಕಲಿಯಲು ಬಂದವನು ಕತ್ತಿಯನ್ನೂ ಕಲಿಯದೆ ಮುಂದೆ ಹೋಗಲಾರ. 17ನೆಯ ಶತಮಾನದ ಆರಂಭದಲ್ಲಿ ಮುಸೊ ಗೊನ್ನೊಸುಕೆ ಈ ಪರಂಪರೆಯನ್ನು ರೂಪಿಸಿದ. ಹೆಸರಾಂತ ಕತ್ತಿವರಸೆಗಾರ ಮಿಯಾಮೊಟೊ ಮುಸಾಶಿಗೆ ಸೋತ ಮೇಲೆ ಈ ವಿದ್ಯೆ ಅವನಿಗೆ ಹೊಳೆಯಿತೆಂಬುದು ಐತಿಹ್ಯ.

ಕಟಾದಿಂದಷ್ಟೇ ತೃಪ್ತರಾಗದವರೂ ಇದ್ದರು. 18ನೆಯ ಶತಮಾನದಲ್ಲಿ ಬಿದಿರಿನ ಕತ್ತಿ ಹಿಡಿದು, ರಕ್ಷಾಕವಚ ತೊಟ್ಟು ನೇರವಾಗಿ ಹೊಡೆದಾಡುವ ಅಭ್ಯಾಸ ಬೆಳೆದು, ಮುಂದೆ ಕೆಂಡೊ ಆಯಿತು.

ಹಳೆಯ ಪರಂಪರೆಗಳು ಪಂದ್ಯ ಗೆದ್ದವರಿಗೆ ಪದವಿ ಕೊಡುವುದಿಲ್ಲ. ಗುರು ಹಂತಹಂತವಾಗಿ ಬರೆದುಕೊಡುವ ಅನುಮತಿಪತ್ರಗಳೇ ಅರ್ಹತೆ. ಅವುಗಳಲ್ಲಿ ಕೊನೆಯದು ಪೂರ್ಣ ವಿದ್ಯಾಪ್ರದಾನವನ್ನು ಸಾರುವ ಮೆನ್‌ಕ್ಯೊ ಕೈಡೆನ್. ಕಟೋರಿ ಪರಂಪರೆಯನ್ನು ಚಿಬಾ ಪ್ರಾಂತವು 1960ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು.