ಸಂಬಳ ತಗೊಂಡು ಕಲಿತವರು, ಸಾಲ ಮಾಡಿ ಕಲಿತವರು (ಭಾಗ 9)

ಹೋದ ವಾರ ಪೂರ್ತಿ ನೈಟ್ ಡ್ಯೂಟಿ, ಅದಕ್ಕೇ ಬರೆಯಲು ಆಗಲಿಲ್ಲ.

ಈ ಸಲದ ವಿಷಯ ಕೊಟ್ಟವಳು ನಮ್ಮ ಅಕ್ಕನ ಮಗಳು. ಪಿಯುಸಿ ಮುಗಿಸಿದ್ದಾಳೆ, ಬಿಎಸ್ಸಿ ನರ್ಸಿಂಗ್ ಸೇರಬೇಕು ಅಂತಿದ್ದಾಳೆ. "ಚಿಕ್ಕಮ್ಮ, ನಾಲ್ಕು ಲಕ್ಷ ಸಾಲ ತಗೊಂಡ್ರೆ ತೀರ್ಸೋಕಾಗುತ್ತಾ?" ಅಂತ ಫೋನಿನಲ್ಲಿ ಕೇಳಿದಳು. ಆಗುತ್ತೆ ಅಂತ ಹೇಳಲು ಬಾಯಿ ಬರಲಿಲ್ಲ. ನಾನಿರುವ ಇಂಗ್ಲೆಂಡಿನಲ್ಲಿ ನರ್ಸಿಂಗ್ ಕಲಿಕೆಯ ಖರ್ಚು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೇಗೆ ಬಂತು ಅನ್ನುವ ಕಥೆ ಮೊದಲು ಹೇಳುತ್ತೇನೆ. ಅವಳಿಗೆ ಅರ್ಧ ಉತ್ತರ ಅದರಲ್ಲೇ ಇದೆ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ ಶುರುವಾಯಿತು. ಜನರಿಂದ ಕೂಡಿಸಿದ ನಿಧಿಯಿಂದ ಅದು ನಡೆಯುತ್ತಿತ್ತು. ಕಲಿಯಲು ಬಂದ ಹುಡುಗಿಯರು ಫೀಸು ಕಟ್ಟುತ್ತಿರಲಿಲ್ಲ. ಊಟ, ವಸತಿ, ಯೂನಿಫಾರ್ಮ್ ಜೊತೆಗೆ ವರ್ಷಕ್ಕೆ 10 ಪೌಂಡ್ ಕೈಗೆ ಸಿಗುತ್ತಿತ್ತು. 1948ರಲ್ಲಿ ಎನ್‌ಎಚ್‌ಎಸ್ ಬಂದ ಮೇಲೂ ಇದೇ ರೀತಿ ನಡೆಯಿತು. ವಿದ್ಯಾರ್ಥಿನಿ ಅಂದರೆ ಆಸ್ಪತ್ರೆಯ ನೌಕರಳು. ಸಂಬಳ ತಗೊಂಡು ಕಲಿಯುವವಳು. ಆದರೆ ಅದು ಪುಕ್ಕಟೆ ಉಪಕಾರವೇನೂ ಆಗಿರಲಿಲ್ಲ. ವಾರ್ಡಿನ ಬಹುಪಾಲು ಕೆಲಸ ಅವರ ಕೈಯಲ್ಲೇ ಮಾಡಿಸುತ್ತಿದ್ದರು, ಓದಿಗೆ ಪುರುಸೊತ್ತು ಕಡಿಮೆ.

ಇದನ್ನು ಸರಿಮಾಡಲು 1986ರಲ್ಲಿ 'ಪ್ರಾಜೆಕ್ಟ್ 2000' ಅನ್ನುವ ವರದಿ ಬಂತು. 1989ರಿಂದ ಕಲಿಕೆ ಆಸ್ಪತ್ರೆಯಿಂದ ನಿಧಾನವಾಗಿ ಕಾಲೇಜಿನ ಕಡೆ ಹೋಯಿತು. ಸಂಬಳ ಹೋಗಿ ಸರ್ಕಾರದ ಬರ್ಸರಿ ಬಂತು, ಅಂದರೆ ವಿದ್ಯಾರ್ಥಿವೇತನ. 2013ರ ಹೊತ್ತಿಗೆ ಹೊಸದಾಗಿ ಸೇರುವವರಿಗೆಲ್ಲ ಪದವಿಯೇ ಕಡ್ಡಾಯವಾಯಿತು. ನರ್ಸಿಗೆ ಗೌರವ ಹೆಚ್ಚಿತು, ನಿಜ. ಆದರೆ ನೌಕರಳಾಗಿದ್ದವಳು ವಿದ್ಯಾರ್ಥಿನಿಯಾದಳು. ವಿದ್ಯಾರ್ಥಿನಿ ಅಂದಮೇಲೆ ಫೀಸು ಕಟ್ಟಲಿ ಅನ್ನುವುದು ಸುಲಭವಾಯಿತು.

ಹಾಗೇ ಆಯಿತು. 2015ರ ನವೆಂಬರಿನಲ್ಲಿ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಬರ್ಸರಿ ನಿಲ್ಲಿಸುವುದಾಗಿ ಹೇಳಿದರು. 2017ರ ಆಗಸ್ಟಿನಿಂದ ಇಂಗ್ಲೆಂಡಿನಲ್ಲಿ ಹೊಸಬರೆಲ್ಲ ವರ್ಷಕ್ಕೆ 9,250 ಪೌಂಡ್‌ವರೆಗಿನ ಫೀಸನ್ನು ಸಾಲ ಮಾಡಿ ಕಟ್ಟಬೇಕಾಯಿತು. ಸರ್ಕಾರ ಕೊಟ್ಟ ಕಾರಣ, ಸೀಟಿನ ಮಿತಿ ತೆಗೆದರೆ 10,000 ಸೀಟು ಹೆಚ್ಚಾಗುತ್ತವೆ ಅಂತ. ಆದರೆ 2017ರ ಜನವರಿಯಲ್ಲಿ ಲೆಕ್ಕ ನೋಡಿದರೆ ಇಂಗ್ಲೆಂಡಿನಲ್ಲಿ ನರ್ಸಿಂಗಿಗೆ ಅರ್ಜಿ ಹಾಕಿದವರೇ ಶೇ. 23ರಷ್ಟು ಕಡಿಮೆ! ಕೊನೆಗೆ 2020ರಿಂದ ವರ್ಷಕ್ಕೆ 5,000 ಪೌಂಡ್ ವಾಪಸ್ ಕೊಡಬೇಕಿಲ್ಲದ ಸಹಾಯಧನ ತಂದರು. ಪಕ್ಕದ ಸ್ಕಾಟ್ಲೆಂಡ್ ಬರ್ಸರಿ ಬಿಡಲೇ ಇಲ್ಲ.

ನಮ್ಮ ವಾರ್ಡಿಗೆ ಬರುವ ಒಬ್ಬ ವಿದ್ಯಾರ್ಥಿನಿಗೆ ಮೂರು ವರ್ಷದ ಫೀಸೇ 27,000 ಪೌಂಡ್ ದಾಟುತ್ತೆ, ಊಟ ವಸತಿಯ ಸಾಲ ಬೇರೆ. "ಭಯ ಆಗಲ್ವಾ?" ಅಂತ ಕೇಳಿದೆ. "ಅದು ಸಂಬಳದಲ್ಲೇ ಹಿಡ್ಕೋತಾರೆ ಬಿಡಿ" ಅಂದಳು. ಅವಳು ಹೇಳಿದ್ದರಲ್ಲಿ ಅರ್ಥ ಇದೆ. 2023ರಿಂದ ಸೇರಿದವರು ವರ್ಷಕ್ಕೆ 25,000 ಪೌಂಡ್ ಮೀರಿದ ಸಂಬಳದ ಮೇಲೆ ಮಾತ್ರ ಶೇ. 9 ಕಟ್ಟಬೇಕು. 2025-26ರಲ್ಲಿ ಎನ್‌ಎಚ್‌ಎಸ್ ಹೊಸ ನರ್ಸಿನ ಸಂಬಳ 31,049 ಪೌಂಡ್. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 45 ಪೌಂಡ್ ಕಂತು. ಕೆಲಸ ಹೋದರೆ ಕಂತೂ ನಿಲ್ಲುತ್ತೆ. 40 ವರ್ಷದ ಮೇಲೆ ಉಳಿದದ್ದು ಮನ್ನಾ. ಇದೂ ಭಾರವೇ, ನಿವೃತ್ತಿಯ ಹತ್ತಿರದವರೆಗೂ ಬಿಡುವುದಿಲ್ಲ. ಆದರೆ ಆ ಸಾಲ ಸಂಬಳದ ಮುಖ ನೋಡಿ ಕೈ ಚಾಚುತ್ತೆ.

ನಮ್ಮ ಸಾಲ ಹಾಗಲ್ಲ. 2001ರಲ್ಲಿ ಬಂದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ ಅಂತಾಯಿತು. ಅದಿಲ್ಲದಿದ್ದರೆ ನಾನು ತಿಪಟೂರು ಬಿಟ್ಟು ಓದುತ್ತಲೇ ಇರಲಿಲ್ಲ, ಆ ಋಣ ಮರೆಯುವುದಿಲ್ಲ. ಆದರೆ ಓದು ಮುಗಿಯುವಷ್ಟರಲ್ಲಿ ಬಡ್ಡಿ ಸೇರಿ ನನ್ನ ಸಾಲ 3 ಲಕ್ಷ ಆಗಿತ್ತು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊದಲ ಸಂಬಳ 9,500 ರೂಪಾಯಿ. ಕಂತು 5,300, ಪಿಜಿ ಬಾಡಿಗೆ 3,500. ಉಳಿದದ್ದು 700. ಎಷ್ಟೋ ತಿಂಗಳು ಅಪ್ಪ ಕೊಬ್ಬರಿ ಮಾರಿದ ದುಡ್ಡು ಕಳಿಸಿದರು. ನಾನು ಅವರನ್ನು ಸಾಕುವ ಬದಲು ಅವರೇ ನನ್ನ ನೌಕರಿಯನ್ನು ಸಾಕಿದರು.

ನಮ್ಮ ದೇಶದಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2016ರ ಜನವರಿಯ ಆದೇಶದ ಮೇಲೆ ಕೇಂದ್ರ ಸರ್ಕಾರ ಸಮಿತಿ ಮಾಡಿತು. 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆ ಮೀರಿದ ಕಡೆ ರಾಜ್ಯ ಸರ್ಕಾರದ ನರ್ಸಿನ ಸಮಕ್ಕೆ ಕೊಡಬೇಕು ಅಂತ ಸಮಿತಿ ಹೇಳಿತು. ಆದರೆ ಅದು ಶಿಫಾರಸು. ಜಾರಿ ಮಾಡುವುದು ರಾಜ್ಯಗಳಿಗೆ ಬಿಟ್ಟಿದ್ದು.

ಈಗ ನಿನಗೆ ಉತ್ತರ, ಮಗಳೇ. ಓದು ಮುಗಿದಾಗ 4 ಲಕ್ಷ ಬಾಕಿ, ಬಡ್ಡಿ ಶೇ. 10.5, ಏಳು ವರ್ಷ ಅಂತಿಟ್ಟುಕೋ: ತಿಂಗಳಿಗೆ ಸುಮಾರು 6,750. ನನ್ನ ಪೌಂಡ್ ಸಂಬಳ ನೋಡಿ ಆ ಲೆಕ್ಕ ಮಾಡಬೇಡ. ಹೊರದೇಶದ ನರ್ಸುಗಳನ್ನು ತಗೊಳ್ಳುವುದು ಇಲ್ಲಿ ಎರಡು ವರ್ಷದಿಂದ ತುಂಬಾ ಕಡಿಮೆಯಾಗಿದೆ. ತುಮಕೂರಿನ ಆಸ್ಪತ್ರೆಯಲ್ಲಿ ಹೊಸಬರಿಗೆ ನಿಜವಾಗಿ ಎಷ್ಟು ಕೊಡುತ್ತಾರೆ ಅಂತ ಹೋದ ವರ್ಷ ಪಾಸಾದವರನ್ನೇ ಕೇಳು. ಆ ಸಂಬಳದಲ್ಲಿ ಕಂತು ಕಟ್ಟಿ ಊಟ ಮಾಡಬಹುದು ಅನ್ನಿಸಿದರೆ ಧೈರ್ಯವಾಗಿ ಸೇರು. ಆಗದಿದ್ದರೆ ಸರ್ಕಾರಿ ಕಾಲೇಜಿನ ಸೀಟಿಗೆ ಮೊದಲು ಪ್ರಯತ್ನ ಮಾಡು, ಸಾಲ ಕಡಿಮೆ ಮಾಡಿಕೊಳ್ಳುವ ದಾರಿ ಹುಡುಕು. ವಿದೇಶ ಸಿಕ್ಕರೆ ಅದು ಮೇಲಿನದು.

ಅಕ್ಕ, ಇದನ್ನು ಅಪ್ಪನಿಗೆ ಓದಿ ಹೇಳು. ಕೊಬ್ಬರಿ ದುಡ್ಡಿನ ವಿಷಯ ಊರಿಗೆಲ್ಲ ಯಾಕೆ ಹೇಳಿದೆ ಅಂತ ಬೈತಾರೆ. ಬೈಯಲಿ.